ಬಿಟ್ಟು ಬಿಟ್ಟು ತಣ್ಣಗಾಗುವ ನೆಲ

ಮಿನ್ನೆಸೋಟಾದ ಜನವರಿ. ಹೊರಗೆ ಮೈನಸ್ 26 ಡಿಗ್ರಿ. ಬೆಳಿಗ್ಗೆ 7ಕ್ಕೆ ಮಗಳು ಬೇಸ್‌ಮೆಂಟಿನಿಂದ ಮೆಟ್ಟಿಲು ಹತ್ತಿ ಬಂದು, "ಅಪ್ಪಾ, ನನ್ನ ರೂಮಿನ ನೆಲ ಇವತ್ತೂ ತಣ್ಣಗಿದೆ" ಅಂದಳು. ನಮ್ಮ ಮನೆಯನ್ನು ಬೆಚ್ಚಗಿಡುವುದು ನೆಲದೊಳಗಿನ ಪೈಪುಗಳಲ್ಲಿ ಹರಿಯುವ ಬಿಸಿನೀರು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಅವರು 11ಕ್ಕೆ ಬಂದಾಗ ನೆಲ ಆಗಲೇ ಬಿಸಿಯಾಗತೊಡಗಿತ್ತು. ಬಾಯ್ಲರ್ ಸರಿ, ಪಂಪು ಸರಿ, ವಾಲ್ವ್ ಸರಿ. ಬಿಲ್ ಕೊಟ್ಟು ಹೋದರು. ಆ ಚಳಿಗಾಲದಲ್ಲಿ ಹೀಗಾಗಿದ್ದು ಅದು ಮೂರನೇ ಸಲ.

ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ನಮ್ಮ ಕಡೆಯ ಹಳೆಯ ವೈದ್ಯರು ಮೊದಲು ಕೇಳುತ್ತಿದ್ದ ಪ್ರಶ್ನೆ, "ಯಾವ ಹೊತ್ತಿಗೆ ಬರುತ್ತೆ?" ದಿನ ಬಿಟ್ಟು ದಿನ, 48 ಗಂಟೆಗೊಮ್ಮೆ ನಡುಕ ಹಿಡಿದರೆ ಮಲೇರಿಯಾದ ಅನುಮಾನ. ರೋಗಿ ಎದುರು ಕೂತಾಗ ಮೈ ತಣ್ಣಗಿದ್ದರೂ ಆ ವೇಳಾಪಟ್ಟಿ ರೋಗದ ಗುಟ್ಟು ಹೇಳುತ್ತಿತ್ತು. ನಮ್ಮ ನೆಲಕ್ಕೂ ಇದನ್ನೇ ಕೇಳಬೇಕಿತ್ತು. ನಾನು ಕೇಳಿದ್ದು ತಡವಾಗಿ.

ಈ ವ್ಯವಸ್ಥೆ ನೋಡಲು ಬಹಳ ಸರಳ. ನೆಲದ ಕಾಂಕ್ರೀಟಿನೊಳಗೆ ಹಾವಿನಂತೆ ಸುತ್ತಿದ ಪ್ಲಾಸ್ಟಿಕ್ ಪೈಪು, ಅದರಲ್ಲಿ ಬಾಯ್ಲರಿನಿಂದ ಬರುವ 35–45 ಡಿಗ್ರಿಯ ನೀರು. ಸ್ನಾನದ ನೀರಿನಷ್ಟು ಬಿಸಿ, ಅಷ್ಟೇ. ನೆಲ 27 ಡಿಗ್ರಿ ಆಸುಪಾಸಿಗೆ ಬಂದರೆ ಸಾಕು, ಅಲ್ಲಿಂದ ಹೊರಡುವ ಅವಗೆಂಪು ಕಿರಣಗಳು ಗೋಡೆ, ಮಂಚ, ಮೈಗಳನ್ನು ನೇರವಾಗಿ ಮುಟ್ಟುತ್ತವೆ. ಕೊರಿಯಾದ ಮನೆಗಳಲ್ಲಿ ಒಲೆಯ ಹೊಗೆಯನ್ನೇ ನೆಲದಡಿ ಹಾಯಿಸುವ ಒಂಡೋಲ್ ಪದ್ಧತಿ ಶತಮಾನಗಳಷ್ಟು ಹಳೆಯದು. ನಮ್ಮ ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಮುಗಿಸಿದ ಜೇಕಬ್ಸ್ ಮನೆಗೂ ನೆಲದಡಿಯ ಪೈಪುಗಳಿಂದಲೇ ಶಾಖ.

ಆದರೆ ದೋಷ ಹುಡುಕುವವರನ್ನು ದಾರಿ ತಪ್ಪಿಸುವುದೂ ಈ ನೆಲವೇ. ಬಿರುಬೇಸಿಗೆಯಲ್ಲಿ ರಾಯಚೂರಿನ ಕಡೆ ತಾರಸಿಯ ಮೇಲೆ ಮಲಗಿದವರಿಗೆ ಗೊತ್ತು: ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ, ನೀರು ಹೊಡೆಯದ ಹೊರತು ಹಾಸಿಗೆ ಹಾಸುವಂತಿಲ್ಲ. ಕಾಂಕ್ರೀಟು ಶಾಖವನ್ನು ನಿಧಾನವಾಗಿ ಹೀರುತ್ತದೆ, ನಿಧಾನವಾಗಿ ಬಿಡುತ್ತದೆ. ಮಗಳ ಕೋಣೆ ಸುಮಾರು 130 ಚದರಡಿ. 4 ಇಂಚು ದಪ್ಪದ ಕಾಂಕ್ರೀಟೆಂದರೆ ಹತ್ತಿರ ಹತ್ತಿರ 3 ಟನ್ ತೂಕ. ಅಷ್ಟನ್ನು ಒಂದೇ ಒಂದು ಡಿಗ್ರಿ ಏರಿಸಲು ಸುಮಾರು 0.7 ಯೂನಿಟ್ ಶಾಖ ಬೇಕು. ಹಾಗಾಗಿ ಬಿಸಿನೀರು ನಿಂತ ಗಳಿಗೆಗೂ ಕಾಲಿಗೆ ಚಳಿ ತಾಕುವ ಗಳಿಗೆಗೂ ನಡುವೆ ಗಂಟೆಗಳ ಅಂತರ. ನಾವು 7ಕ್ಕೆ ಎದ್ದು ದೂರುತ್ತಿದ್ದೆವು, ಮೆಕ್ಯಾನಿಕ್ 11ಕ್ಕೆ ಬರುತ್ತಿದ್ದರು. ತಪ್ಪು ನಡೆಯುವ ಹೊತ್ತಿಗೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ನನ್ನ ಮೊದಲ ಅನುಮಾನ ಗಾಳಿಯ ಮೇಲೆ. ಒಲೆಯ ಮೇಲಿಟ್ಟ ನೀರು ಕುದಿಯುವುದಕ್ಕೆ ಬಹಳ ಮೊದಲೇ ಪಾತ್ರೆಯ ತಳಕ್ಕೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವಲ್ಲ, ಅದು ನೀರಲ್ಲಿ ಕರಗಿದ್ದ ಗಾಳಿ. ಬಾಯ್ಲರಿನಲ್ಲೂ ಹೀಗೇ ಬಿಡುಗಡೆಯಾದ ಗಾಳಿ ಪೈಪಿನ ಎತ್ತರದ ತಿರುವಿನಲ್ಲಿ ಕೂತು ನೀರನ್ನು ತಡೆಯಬಲ್ಲದು. ಗಾಳಿ ಬಿಡುವ ಕೀಲಿ ತಿರುಗಿಸಿದೆ, ಬಂದದ್ದು ನೀರೇ. ಪೈಪಿನಲ್ಲಿ ಗುಳುಗುಳು ಸದ್ದೂ ಇರಲಿಲ್ಲ. ಒತ್ತಡದ ಮಾಪಕ ನೋಡಿದೆ: ತಣ್ಣಗಿದ್ದಾಗ 14 ಪಿಎಸ್‌ಐ, ಬಿಸಿಯಾದಾಗ 18. ಬಿಸಿನೀರು ಹಿಗ್ಗಲು ಜಾಗ ಕೊಡುವ ಟ್ಯಾಂಕಿನ ರಬ್ಬರು ಹರಿದಿದ್ದರೆ ಮುಳ್ಳು 30ರ ಕಡೆಗೆ ಜಿಗಿದು, ರಕ್ಷಣಾ ವಾಲ್ವ್ ತೊಟ್ಟಿಕ್ಕುತ್ತಿತ್ತು. ಹಾಗಾಗಿರಲಿಲ್ಲ.

ಆಮೇಲೆ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ನಿಮಿಷಕ್ಕೊಮ್ಮೆ ತಾಪಮಾನ ಬರೆದಿಟ್ಟುಕೊಳ್ಳುವ ಪುಟ್ಟ ಅಗ್ಗದ ಸೆನ್ಸರುಗಳನ್ನು ತಂದು, ಮನೆಯ ಆರೂ ಝೋನ್‌ಗಳ, ಅಂದರೆ ತಮ್ಮದೇ ಥರ್ಮೋಸ್ಟಾಟು, ವಾಲ್ವ್ ಇರುವ ಭಾಗಗಳ, ಪೈಪಿಗೆ ಟೇಪು ಸುತ್ತಿ ಕಟ್ಟಿದೆ. ಕೋಣೆಯ ಗಾಳಿಯನ್ನಾಗಲಿ ನೆಲವನ್ನಾಗಲಿ ಅಳೆದರೆ ಹಳೆಯ ಸುದ್ದಿ ಸಿಗುತ್ತದೆ. ಪೈಪು ಈಗಿನ ಸುದ್ದಿ ಹೇಳುತ್ತದೆ.

ಮುಂದಿನ ಕಡು ಚಳಿಯ ರಾತ್ರಿಯ ಗೀಟುಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದಾಗ ಮೈ ಜುಮ್ಮೆಂದಿತು. ಮಗಳ ಕೋಣೆಯ ಪೈಪು ನಸುಕಿನ 2:40ಕ್ಕೆ ಆರತೊಡಗಿತ್ತು. ಅದೇ ನಿಮಿಷಕ್ಕೆ ಬೇರೊಂದು ಪೈಪು ಬಿಸಿಯಾಗಲು ಶುರುವಾಗಿತ್ತು: ಗ್ಯಾರೇಜಿನದು. 9:05ಕ್ಕೆ ಗ್ಯಾರೇಜಿನ ಪೈಪು ಆರಿತು, ಮಗಳದು ಮತ್ತೆ ಬಿಸಿಯಾಯಿತು.

ಗ್ಯಾರೇಜಿನ ಝೋನ್ ಹಿಂದಿನ ಶರತ್ಕಾಲದಲ್ಲಿ ಹೊಸದಾಗಿ ಸೇರಿಸಿದ್ದು. ಅಲ್ಲಿ 5 ಡಿಗ್ರಿ ಉಳಿದರೆ ಸಾಕಾದ್ದರಿಂದ, ಹೊರಗೆ ವಿಪರೀತ ಚಳಿ ಬಿದ್ದಾಗ ಮಾತ್ರ ಅದು ಶಾಖ ಕೇಳುತ್ತದೆ. ಎರಡಕ್ಕೂ ನೀರಿನ ದಾರಿ ಬೇರೆ ಬೇರೆ. ಆದರೆ ಕರೆಂಟು ಒಂದೇ. ಪ್ರತಿ ಝೋನಿನ ವಾಲ್ವ್‌ನಲ್ಲೂ ಒಂದು ಸಣ್ಣ ಮೋಟರು ಸ್ಪ್ರಿಂಗನ್ನು ಒತ್ತಿ ಹಿಡಿದು ನೀರಿಗೆ ದಾರಿ ಬಿಡುತ್ತದೆ. ಕರೆಂಟು ಕುಂದಿದರೆ ಸ್ಪ್ರಿಂಗ್ ಗೆದ್ದು ದಾರಿ ಮುಚ್ಚುತ್ತದೆ. ಒಂದಕ್ಕೆ ಬೇಕಾದದ್ದು ಸುಮಾರು 7 ವೋಲ್ಟ್-ಆಂಪಿಯರ್. ಐದಕ್ಕೆ 35, ಆರಕ್ಕೆ 42. ವಾಲ್ವ್‌ಗಳಿಗೆಲ್ಲ 24 ವೋಲ್ಟ್ ಒದಗಿಸುವ, ಗೋಡೆಯ ಮೇಲಿದ್ದ ಟ್ರಾನ್ಸ್‌ಫಾರ್ಮರಿನ ತಾಕತ್ತು 40.

ಹಗಲಲ್ಲೇ ಪರೀಕ್ಷಿಸಿದೆ. ಕೆಟ್ಟದ್ದನ್ನು ಬೇಕೆಂದಾಗ ಬರಿಸಲು ಸಾಧ್ಯವಾದರೆ ಅರ್ಧ ರಿಪೇರಿ ಆದಂತೆ ಅಂತಲೇ ನನ್ನ ನಂಬಿಕೆ. ಐದು ಥರ್ಮೋಸ್ಟಾಟುಗಳನ್ನು ಏರಿಸಿ, ಮಗಳ ವಾಲ್ವ್‌ನ ಮೇಲೆ ಮಲ್ಟಿಮೀಟರ್ ಹಿಡಿದೆ: 22.8 ವೋಲ್ಟ್. ಹೆಂಡತಿ ಗ್ಯಾರೇಜಿನದನ್ನೂ ಏರಿಸಿದಳು. 19ಕ್ಕೆ ಇಳಿಯಿತು, ವಾಲ್ವ್ 'ಟಕ್' ಎಂದು ಮುಚ್ಚಿಕೊಂಡಿತು. ಆರರಲ್ಲಿ ಅದೊಂದೇ ಏಕೆ? ಅದಕ್ಕೆ ಹೋಗುವ ತಂತಿ ಎಲ್ಲಕ್ಕಿಂತ ಉದ್ದ. ಜೊತೆಗೆ ಅದರ ತುದಿಯ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು, ತಾಮ್ರದ ತುದಿ ಕಪ್ಪಾಗಿತ್ತು. ಸಡಿಲ ಜೋಡಣೆಯಲ್ಲಿ ರೋಧ ಹೆಚ್ಚು, ಇದ್ದ ಅಲ್ಪಸ್ವಲ್ಪ ವೋಲ್ಟೇಜೂ ಅಲ್ಲೇ ಸೋರಿಹೋಗುತ್ತಿತ್ತು.

ಈ ಮೂರು ಸೇರಿದಾಗ ಮಾತ್ರ ನೆಲ ಆರುತ್ತಿತ್ತು. ಮೆಕ್ಯಾನಿಕ್ ಬರುವ ಹೊತ್ತಿಗೆ ಗ್ಯಾರೇಜಿಗೆ ಬೇಕಾದ ಶಾಖ ಸಿಕ್ಕಿ ಅದರ ವಾಲ್ವ್ ಮುಚ್ಚಿರುತ್ತಿತ್ತು, ಮಗಳದು ತಾನಾಗಿ ತೆರೆದಿರುತ್ತಿತ್ತು. ಅವರು ಕಂಡದ್ದೆಲ್ಲ ನಿಜವೇ. ಕಾಣದ್ದು 2:40.

24 ವೋಲ್ಟಿನ ಕಡೆ ಕೈಯಾಡಿಸಲು ಹೆದರಬೇಕಿಲ್ಲ. ಟ್ರಾನ್ಸ್‌ಫಾರ್ಮರಿನ ಇನ್ನೊಂದು ಬದಿ 120 ವೋಲ್ಟ್, ಬಾಯ್ಲರಿನೊಳಗೆ ಗ್ಯಾಸು. ಅವೆರಡನ್ನೂ ಲೈಸೆನ್ಸ್ ಇದ್ದವರಿಗೇ ಬಿಡಿ, ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಇವತ್ತೇ ತನ್ನಿ. ನಾನು ನನ್ನ ಗೀಟುಗಳನ್ನು ಅಚ್ಚು ಹಾಕಿಸಿ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವರು ಒಂದು ನಿಮಿಷ ನೋಡಿ, ವ್ಯಾನಿನಿಂದ 75ರ ಟ್ರಾನ್ಸ್‌ಫಾರ್ಮರ್ ತಂದು ಹಾಕಿದರು. ಕಪ್ಪಾದ ತಂತಿಯ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಸ್ಕ್ರೂ ಬಿಗಿದರು.

ಫೆಬ್ರವರಿಯಲ್ಲಿ ಒಂದು ರಾತ್ರಿ ಮೈನಸ್ 28 ಆಯಿತು. ಅಲಾರಂ ಇಟ್ಟುಕೊಂಡು ಎದ್ದು, ಎರಡೂವರೆಯಿಂದ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ವಾಲ್ವ್ ಗುಂಯ್ ಎಂದು ತೆರೆದುಕೊಂಡಿತು. ಮಗಳದು ಮುಚ್ಚಲಿಲ್ಲ. ಮೀಟರ್ 24.6 ತೋರಿಸುತ್ತಿತ್ತು.