ಒರಗಿ ತುಳಿಯುವ ಸೈಕಲ್ ರೇಸಿನಲ್ಲಿ ಯಾಕಿಲ್ಲ?

ಪ್ರಶ್ನೆ: ಕಾಲು ಮುಂದೆ ಚಾಚಿ, ಬೆನ್ನು ಒರಗಿಸಿ ತುಳಿಯುವ ರಿಕಂಬೆಂಟ್ ಸೈಕಲ್ ಮಾಮೂಲಿ ಸೈಕಲ್ಲಿಗಿಂತ ಜೋರಾಗಿ ಓಡುತ್ತದಂತೆ. ಹಾಗಿದ್ದರೆ ಫ್ರಾನ್ಸಿನ ಹೆಸರಾಂತ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನಲ್ಲಿ ಒಂದೂ ಯಾಕೆ ಕಾಣುವುದಿಲ್ಲ?

ಉತ್ತರ: ಅಲ್ಲಿ ಅದನ್ನು ಓಡಿಸುವ ಹಾಗೇ ಇಲ್ಲ. 1934ರಲ್ಲೇ ಬಾಗಿಲು ಮುಚ್ಚಿದರು.

ಫ್ರಾನ್ಸಿನ ಚಾರ್ಲ್ಸ್ ಮೊಶೆ ಪೆಡಲ್ ತುಳಿದು ಓಡಿಸುವ ನಾಲ್ಕು ಚಕ್ರದ ಬಂಡಿಗಳನ್ನು ಮಾಡಿ ಮಾರುತ್ತಿದ್ದವನು. ಆಮೇಲೆ ಅದೇ ‘ವೆಲೋಕಾರ್’ ಹೆಸರಲ್ಲಿ ಒರಗಿ ತುಳಿಯುವ ಎರಡು ಚಕ್ರದ್ದನ್ನೂ ಮಾಡಿದ. ಅದನ್ನು ತುಳಿದ ಫ್ರಾನ್ಸಿಸ್ ಫೋರ್ ಅಗ್ರಪಂಕ್ತಿಯ ಸವಾರನೇನೂ ಅಲ್ಲ. ಆದರೂ 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಒಂದು ಗಂಟೆಗೆ 45.055 ಕಿ.ಮೀ. ಓಡಿಸಿ, ಆಸ್ಕರ್ ಎಗ್ 1914ರಲ್ಲಿ ಮಾಡಿದ್ದ 44.247 ಕಿ.ಮೀ. ದಾಖಲೆಯನ್ನು ಮುರಿದ. ಮರುತಿಂಗಳೇ ಮಾರಿಸ್ ರಿಷಾರ್ ಮಾಮೂಲಿ ಸೈಕಲ್ಲಿನಲ್ಲಿ 44.777 ಕಿ.ಮೀ. ಓಡಿಸಿದ. ಫೋರ್‌ಗಿಂತ ಕಡಿಮೆಯೇ, ಆದರೆ ಅಧಿಕೃತ ದಾಖಲೆಯಾಗಿ ಉಳಿದದ್ದು ಅದು! ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮರುವರ್ಷ ರೇಸ್ ಸೈಕಲ್ ಹೇಗಿರಬೇಕೆಂದು ಹೊಸದಾಗಿ ಅಳತೆ ಬರೆಯಿತು. ಆ ಅಳತೆಗೆ ರಿಕಂಬೆಂಟ್ ಹೊಂದುವಂತಿರಲಿಲ್ಲ. ಸೋತವರು ಆಟದ ನಿಯಮವನ್ನೇ ಬದಲಾಯಿಸಿದರು ಎನ್ನುವುದು ನನ್ನ ಅಭಿಪ್ರಾಯ.

ವೇಗದ ಗುಟ್ಟು ಗಾಳಿಯಲ್ಲಿದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ದಾಟಿದರೆ ನಿಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳಲಿಕ್ಕೇ ಖರ್ಚು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಒರಗಿ ಕೂತ ದೇಹ ಗಾಳಿಗೆ ಅಷ್ಟು ಎದೆಯೊಡ್ಡುವುದಿಲ್ಲ. ಸುತ್ತ ನಯವಾದ ಕವಚವನ್ನೂ ಹಾಕಿದರೆ ಲೆಕ್ಕವೇ ಬೇರೆ: 2016ರಲ್ಲಿ ಅಮೆರಿಕದ ಬ್ಯಾಟಲ್ ಮೌಂಟನ್‌ನ ಹೆದ್ದಾರಿಯಲ್ಲಿ ಕೆನಡಾದ ಟಾಡ್ ರೈಕರ್ಟ್ ಬರೀ ಕಾಲಿನ ಬಲದಿಂದ ಗಂಟೆಗೆ 144 ಕಿ.ಮೀ. ದಾಟಿದ.

ಹಾಗಂತ ನಿಯಮ ಸಡಿಲಿಸಿದ ಕೂಡಲೇ ಟೂರ್ ಡಿ ಫ್ರಾನ್ಸನ್ನು ಇದೇ ಗೆಲ್ಲುತ್ತದೆ ಎನ್ನಲಾರೆ. ಆಲ್ಪ್ಸ್ ಏರುವಾಗ ವೇಗ ಇಳಿದು ಗಾಳಿಯ ಲಾಭ ಕರಗುತ್ತದೆ. ಎದ್ದು ನಿಂತು ಮೈಭಾರ ಹಾಕಿ ತುಳಿಯೋಣವೆಂದರೆ ಇದರಲ್ಲಿ ಆಗದು. ತೂಕವೂ ಸಾಮಾನ್ಯವಾಗಿ ಹೆಚ್ಚು.

ನಿಜಕ್ಕೂ ಇದನ್ನು ಕೊಳ್ಳುವವರಲ್ಲಿ ಅನೇಕರಿಗೆ ರೇಸಿನ ಗೊಡವೆಯೇ ಇಲ್ಲ. ಅವರಿಗೆ ಬೇಕಿರುವುದು ಸುಖ. ಸಣ್ಣ ಸೀಟಿನ ಮೇಲೆ ಕೂತು ಮರಗಟ್ಟುವುದು, ಹ್ಯಾಂಡಲ್ ಮೇಲೆ ಊರಿ ಮಣಿಕಟ್ಟು ಸೋಲುವುದು, ತಲೆಯೆತ್ತಿ ಕತ್ತು ಹಿಡಿಯುವುದು, ಇವು ಇಲ್ಲಿ ಹತ್ತಿರ ಸುಳಿಯುವುದಿಲ್ಲ. ಆರಾಮ ಕುರ್ಚಿಯಲ್ಲಿ ಕೂತಂತೆ ಭಾರವೆಲ್ಲ ಬೆನ್ನು ಮತ್ತು ಪೃಷ್ಠದ ಮೇಲೆ ಹರಡುತ್ತದೆ. ಕಣ್ಣೆದುರು ಮುಂದಿನ ಟೈರಿನ ಬದಲು ರಸ್ತೆ, ಬೆಟ್ಟ, ಆಕಾಶ. ಸಮತೋಲನದ ಭಯವಿದ್ದವರಿಗೆ ಮೂರು ಚಕ್ರದ್ದೂ ಸಿಗುತ್ತದೆ. ನಿಂತಾಗ ಕಾಲೂರುವ ಕೆಲಸವಿಲ್ಲ.

ತೊಂದರೆಗಳೂ ಇವೆ. ಚೈನು ಎರಡು ಮೂರು ಪಟ್ಟು ಉದ್ದ, ಬೆಲೆ ದುಬಾರಿ, ಮೊದಲ ಸಲ ಹೊರಡುವಾಗ ಓಲಾಡುತ್ತದೆ. ನಮ್ಮ ರಸ್ತೆಗಳಲ್ಲಿ ಇನ್ನೆರಡು ಸೇರಿಸಿಕೊಳ್ಳಿ: ಹಂಪು ಬಂದಾಗ ಸೀಟಿನಿಂದ ಮೈ ಎತ್ತಲಾಗದು, ತೀರಾ ತಗ್ಗಿನದಾದರೆ ಲಾರಿಯವನಿಗೆ ಕಾಣುವುದೂ ಕಷ್ಟ. ಸವಾರರು ಹಿಂದೆ ಉದ್ದ ಕೋಲಿಗೆ ಬಾವುಟ ಕಟ್ಟುವುದು ಶೋಕಿಗಲ್ಲ. ಕೊಳ್ಳುವ ಮನಸ್ಸಿದ್ದರೆ ಸೀಟು ಸ್ವಲ್ಪ ಎತ್ತರ ಇರುವ ಮಾದರಿಯನ್ನು ಯಾವುದಾದರೂ ಖಾಲಿ ಮೈದಾನದಲ್ಲಿ ಮೊದಲು ಓಡಿಸಿ ನೋಡಿ.