ಮರಿ ಹಾಕಿದ್ದೆಲ್ಲ ಸಸ್ತನಿಯಲ್ಲ

ಮಲ್ಪೆ ಧಕ್ಕೆಯಲ್ಲಿ ತಾಟೆ, ಅಂದರೆ ಶಾರ್ಕ್, ಕೊಯ್ಯುವಾಗ ಹೊಟ್ಟೆಯೊಳಗಿಂದ ಪೂರ್ತಿ ಬೆಳೆದ ಮರಿಗಳು ಬರುವುದುಂಟು. ಚಪ್ಪಟೆ ಮೂತಿಯ ಸಣ್ಣ ತಾಟೆಯೊಂದರ ಮರಿಗಂತೂ ಹೊಕ್ಕುಳಬಳ್ಳಿ, ಮಾಸು ಎರಡೂ ಇರುತ್ತವೆ. ಆದರೂ ಅದು ಮೀನೇ. ಅತ್ತ ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆಯಿಟ್ಟೂ ಸಸ್ತನಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಮರಿ ಹಾಕಿದರೆ ಸಸ್ತನಿ’ ಎಂಬ ಸೂತ್ರ ಎರಡೂ ಕಡೆ ಕೈಕೊಡುತ್ತದೆ.

ಖಾತ್ರಿ ಗುರುತು ಹಾಲಿನ ಗ್ರಂಥಿ. ಮೊಲೆತೊಟ್ಟು ಇರಲೇಬೇಕೆಂದಿಲ್ಲ, ಪ್ಲಾಟಿಪಸ್ಸಿನ ಹಾಲು ಹೊಟ್ಟೆಯ ಚರ್ಮದಿಂದ ಜಿನುಗುತ್ತದೆ, ಮರಿ ನೆಕ್ಕಿಕೊಳ್ಳುತ್ತದೆ. ಎರಡನೆಯದು ಕೂದಲು. ಚಿಪ್ಪುಹಂದಿಯ ಚಿಪ್ಪುಗಳ ಸಂದಿಯಲ್ಲೂ ಒರಟು ಕೂದಲಿದೆ. ಡಾಲ್ಫಿನ್ ಮರಿ ಹುಟ್ಟುವಾಗ ಮೂತಿಯ ಮೇಲೆ ನಾಲ್ಕಾರು ಕೂದಲಿದ್ದು, ಬೇಗ ಉದುರಿಹೋಗುತ್ತವೆ. ಬರೀ ಬುರುಡೆ ಸಿಕ್ಕಿದರೆ ಕೆಳದವಡೆ ನೋಡಿ: ಸಸ್ತನಿಗಳಲ್ಲಿ ಪ್ರತಿ ಬದಿಗೆ ಒಂದೇ ಮೂಳೆ, ಹಲ್ಲಿ ಮೊಸಳೆಗಳಲ್ಲಿ ಹಲವು. ಹಿಂದೆ ದವಡೆಯ ಕೀಲಿನಲ್ಲಿದ್ದ ಎರಡು ಮೂಳೆಗಳು ಸಸ್ತನಿಗಳಲ್ಲಿ ನಡುಗಿವಿ ಸೇರಿ, ಅಲ್ಲಿ ಒಟ್ಟು 3 ಮೂಳೆಗಳಾದವು.

ದಡಕ್ಕೆ ಬಿದ್ದದ್ದು ಡಾಲ್ಫಿನ್ನೋ ದೊಡ್ಡ ಮೀನೋ ಎಂಬ ಗೊಂದಲಕ್ಕೆ ಬಾಲವೊಂದೇ ಸಾಕು. ಮೀನಿನ ಬಾಲ ನೆಟ್ಟಗೆ ನಿಂತಿದ್ದು ಎಡಬಲಕ್ಕೆ ಬೀಸುತ್ತದೆ. ಡಾಲ್ಫಿನ್‌ನದು ಅಡ್ಡಕ್ಕೆ ಚಪ್ಪಟೆ, ಮೇಲೆ ಕೆಳಗೆ ಬಡಿಯುತ್ತದೆ. ಓಡುವ ನಾಯಿಯ ಬೆನ್ನು ಬಾಗುವುದೂ ಹೀಗೆಯೇ. ಕಿವಿರಿನ ಸೀಳಿರದು, ನೆತ್ತಿಯಲ್ಲಿ ಉಸಿರಿನ ತೂತೊಂದಿರುತ್ತದೆ. ಹೆಣ್ಣಾದರೆ ಜನನಾಂಗದ ಸೀಳಿನ ಎರಡೂ ಬದಿಗೆ ಒಂದೊಂದು ಪುಟ್ಟ ಸೀಳು. ಮೊಲೆ ಅಡಗಿರುವುದು ಅಲ್ಲೇ. ಉದ್ದ ಮೂತಿ, ಬೆನ್ನ ಮೇಲೆ ದಿಬ್ಬವಿದ್ದರೆ ಗೂನುಬೆನ್ನಿನ ಡಾಲ್ಫಿನ್. ಮೂತಿ ಮೊಂಡಾಗಿ ಬೆನ್ನಿನ ರೆಕ್ಕೆಯೇ ಇಲ್ಲದಿದ್ದರೆ ಫಿನ್‌ಲೆಸ್ ಪಾರ್ಪಾಯ್ಸ್, ಡಾಲ್ಫಿನ್‌ನ ಹತ್ತಿರದ ನೆಂಟ.

ಜೀವವಿದ್ದರೆ ಅದು ಗಾಳಿ ಉಸಿರಾಡುವ ಪ್ರಾಣಿಯೆಂಬುದು ನೆನಪಿರಲಿ. ಮೀನೆಂದುಕೊಂಡು ತಲೆಯ ಮೇಲೆ ನೀರು ಸುರಿಯುವವರೇ ಹೆಚ್ಚು. ತೂತಿನೊಳಗೆ ನೀರು, ಮರಳು ಹೋದರೆ ಉಸಿರುಗಟ್ಟುತ್ತದೆ. ಹೊಟ್ಟೆ ಕೆಳಗಾಗಿ ಮಲಗಿಸಿ, ಪಕ್ಕದ ರೆಕ್ಕೆಗಳ ಕೆಳಗೆ ಮರಳು ತೋಡಿ ಸಡಿಲ ಮಾಡಿ. ಚರ್ಮದಡಿಯ ದಪ್ಪ ಕೊಬ್ಬು ಬಿಸಿ ಹೊರಬಿಡದು. ಹಾಗಾಗಿ ನೆರಳು ಮಾಡಿ, ಉಸಿರಿನ ತೂತು ಬಿಟ್ಟು ಮೈಮೇಲೆ ಒದ್ದೆ ಬಟ್ಟೆ ಹಾಸಿ. ಬಾಲ ಹಿಡಿದು ಎಳೆಯಲೇಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ತಕ್ಷಣ ಅರಣ್ಯ ಇಲಾಖೆಗೆ ಫೋನ್ ಮಾಡಿ. ಸತ್ತಿದ್ದರೂ ಮಾಂಸ, ಹಲ್ಲು ತೆಗೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.