ಖರ್ಚೇ ಆಗದ ಹೈಡ್ರೋಜನ್ ಅನ್ನು ಹಾಯಿಸುವುದೇಕೆ?

ಪ್ರಶ್ನೆ: ಎಥೆನಾಲ್ ಮತ್ತು ಅಮೋನಿಯಾ ಸೇರಿ ಈಥೈಲ್ ಅಮೈನ್ ಹಾಗೂ ನೀರು ಆಗುತ್ತವೆ. ಸಮೀಕರಣದಲ್ಲಿ ಹೈಡ್ರೋಜನ್ ಅನಿಲದ ಹೆಸರೇ ಇಲ್ಲದಿರುವಾಗ ಕಾರ್ಖಾನೆಯಲ್ಲಿ ಅದನ್ನೇಕೆ ಹಾಯಿಸುತ್ತಾರೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದರ ಬೆನ್ನಿಗೇ, ‘ಕ್ರಿಯಾವರ್ಧಕ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲವಲ್ಲ’ ಎಂಬ ಮಾತೂ ಬರುತ್ತದೆ. ಕ್ರಿಯಾವರ್ಧಕವೆಂದರೆ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು; ಇಲ್ಲಿ ಅದು ನಿಕ್ಕಲ್ ಲೋಹ. ಮೊದಲು ಆ ಮಾತನ್ನು ತಲೆಯಿಂದ ಇಳಿಸೋಣ.

ಕ್ರಿಯಾವರ್ಧಕ ಖರ್ಚಾಗುವುದಿಲ್ಲ ಎಂಬುದು ನಿಜ. ಅದನ್ನೇ ‘ಭಾಗವಹಿಸುವುದಿಲ್ಲ’ ಎಂದು ಓದಿಕೊಂಡಿದ್ದು ನಮ್ಮ ತಪ್ಪು. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಥೆನಾಲ್ ಅಣು ನಿಕ್ಕಲ್‌ನ ಮೇಲ್ಮೈಗೆ ಅಂಟಿಕೊಂಡಾಗ, ಲೋಹವು ಅದರ ಆಕ್ಸಿಜನ್‌ನಿಂದ ಒಂದು, ಆ ಆಕ್ಸಿಜನ್ ಹೊತ್ತ ಕಾರ್ಬನ್‌ನಿಂದ ಒಂದು, ಹೀಗೆ ಎರಡು ಹೈಡ್ರೋಜನ್ ಪರಮಾಣುಗಳನ್ನು ಕಿತ್ತು ತನ್ನ ಮೈಮೇಲೆ ಇಟ್ಟುಕೊಳ್ಳುತ್ತದೆ. ಉಳಿದ ಅಸಿಟಾಲ್ಡಿಹೈಡ್ ಅಮೋನಿಯಾದೊಡನೆ ಸೇರಿ, ನೀರನ್ನು ಬಿಟ್ಟುಕೊಟ್ಟು ಇಮೈನ್ (ಕಾರ್ಬನ್ ಮತ್ತು ನೈಟ್ರೋಜನ್ ನಡುವೆ ಜೋಡಿ ಬಂಧವಿರುವ ಸಂಯುಕ್ತ) ಆಗುತ್ತದೆ. ಆಗ ಲೋಹವು ಎರಡು ಹೈಡ್ರೋಜನ್‌ಗಳನ್ನು ಹಿಂತಿರುಗಿಸುತ್ತದೆ, ಇಮೈನ್ ಈಥೈಲ್ ಅಮೈನ್ ಆಗುತ್ತದೆ. ಇದು ಬಡ್ಡಿಯಿಲ್ಲದ ಕೈಗಡ; ತೀರಿದ ಮೇಲೆ ಲೆಕ್ಕದಲ್ಲಿ ಅದರ ಗುರುತು ಉಳಿಯುವುದಿಲ್ಲ, ಆದರೆ ಸಾಲದ ವ್ಯವಹಾರವೇ ನಡೆದಿಲ್ಲ ಎನ್ನಲಾದೀತೇ? ಇನ್ನೂ ಒಪ್ಪದವರು ಟರ್ಷಿಯರಿ ಆಲ್ಕೋಹಾಲ್‌ಗಳನ್ನು ನೋಡಲಿ: ಆಕ್ಸಿಜನ್ ಹೊತ್ತ ಕಾರ್ಬನ್‌ನಲ್ಲಿ ಹೈಡ್ರೋಜನ್ನೇ ಇಲ್ಲದ ಕಾರಣ ಅಲ್ಲಿ ಲೋಹಕ್ಕೆ ಕಡ ಪಡೆಯಲು ಏನೂ ಸಿಗದು, ಈ ದಾರಿಯೂ ಅವಕ್ಕೆ ತೆರೆಯದು. ಕ್ರಿಯಾವರ್ಧಕವು ಕ್ರಿಯಾಕಾರಿಗಳೊಡನೆ ತಾತ್ಕಾಲಿಕ ಸಂಯುಕ್ತವನ್ನು ಕಟ್ಟಿಕೊಳ್ಳುತ್ತದೆ ಎಂದು ಫ್ರಾನ್ಸಿನ ಪಾಲ್ ಸಬಾಟಿಯೆ ನೂರು ವರ್ಷಕ್ಕೂ ಹಿಂದೆಯೇ ವಾದಿಸಿದ್ದರು. 1912ರ ನೊಬೆಲ್ ಪಡೆದವರು ಅವರೇ.

ಇನ್ನು ಕೇಳಿದ್ದಕ್ಕೆ ಉತ್ತರ. ಹೊರಗಿನಿಂದ ಬರುವ ಹೈಡ್ರೋಜನ್ ಮೇಲ್ಮೈಯ ಕಾವಲಿಗೆ. ಅದಿಲ್ಲದಿದ್ದರೆ ಇಮೈನ್ ಇನ್ನಷ್ಟು ಹೈಡ್ರೋಜನ್ ಕಳೆದುಕೊಂಡು ಅಸಿಟೋನೈಟ್ರೈಲ್ ಎಂಬ ಬೇಡದ ವಸ್ತು ಆಗಬಹುದು. ಲೋಹದ ಮೇಲೆ ಇಂಗಾಲದ ಮಸಿ ಕೂರುತ್ತದೆ, ಅಮೋನಿಯಾದಿಂದ ನೈಟ್ರೈಡ್ ಕಟ್ಟುತ್ತದೆ, ಕ್ರಿಯಾವರ್ಧಕ ಬೇಗ ಸೋಲುತ್ತದೆ.

ಹಾಗಾದರೆ ಮೆಥೆನಾಲ್‌ಗೂ ಇದೇ ವಿಧಾನವೇ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಸಾಮಾನ್ಯವಾಗಿ ಲೋಹದ ಬದಲು ಅಲ್ಯುಮಿನಾದಂತಹ ಆಮ್ಲೀಯ ಘನವನ್ನು ಸುಮಾರು 400 ಡಿಗ್ರಿಯಲ್ಲಿ ಬಳಸುತ್ತಾರೆ, ಕೈಗಡವೂ ಇಲ್ಲ, ಹೈಡ್ರೋಜನ್ನೂ ಬೇಡ. ತೊಡಕೇನೆಂದರೆ ಒಂದು, ಎರಡು, ಮೂರು ಮೀಥೈಲ್ ಗುಂಪುಗಳಿರುವ ಮೂರು ಅಮೈನ್‌ಗಳು ಒಟ್ಟಿಗೇ ಬರುತ್ತವೆ. ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಗೆ ಬೇಕಾದದ್ದು ಡೈಮೀಥೈಲ್ ಅಮೈನ್, ಸಮತೋಲ (ಕ್ರಿಯೆ ಎರಡೂ ದಿಕ್ಕಿಗೆ ಸಮವಾಗಿ ನಡೆದು ಮಿಶ್ರಣದ ಪ್ರಮಾಣ ಬದಲಾಗದೆ ನಿಲ್ಲುವ ಹಂತ) ಹೆಚ್ಚಾಗಿ ಕೊಡುವುದು ಟ್ರೈಮೀಥೈಲ್ ಅಮೈನ್. ಸಮತೋಲವನ್ನು ಯಾವ ಕ್ರಿಯಾವರ್ಧಕವೂ ಬದಲಿಸಲಾರದು. ಅದಕ್ಕೇ 1980ರ ದಶಕದಲ್ಲಿ ಜಪಾನಿನವರು ಮಾರ್ಡನೈಟ್ ಎಂಬ ಜಿಯೋಲೈಟಿನ (ಅತಿ ಸೂಕ್ಷ್ಮ ರಂಧ್ರಗಳಿರುವ ಖನಿಜದ) ರಂಧ್ರಗಳನ್ನು ಕಿರಿದಾಗಿಸಿ, ದಪ್ಪನೆಯ ಟ್ರೈಮೀಥೈಲ್ ಅಮೈನ್ ಹೊರಬರದಂತೆ ಮಾಡಿ, ಸಮತೋಲಕ್ಕೆ ತಲುಪುವ ಮೊದಲೇ ಬೇಕಾದ್ದನ್ನು ಪಡೆದರು. ಆ ಸೌಲಭ್ಯವಿಲ್ಲದ ಕಡೆ, ಹೆಚ್ಚಾಗಿ ಉಳಿದ ಟ್ರೈಮೀಥೈಲ್ ಅಮೈನ್ ಅನ್ನು ಅಮೋನಿಯಾದೊಡನೆ ಮತ್ತೆ ಅದೇ ರಿಯಾಕ್ಟರಿಗೆ ಕಳುಹಿಸುತ್ತಾರೆ.